ಕಾನೂನು ಸೇವೆಯ ಭವಿಷ್ಯ ಕೇಳಲು ಬೆಂಗಳೂರಿಗೆ ಹೋಗಿದ್ದೆ, ವಾನಳ್ಳಿ ಬಸ್ಸಿನ ಸುದ್ದಿ ಅಲ್ಲಿ ಬರಲಿಲ್ಲ

ಘಟ್ಟದಮೇಲಿನ ವಕೀಲೆ, ಶಿರಸಿ

ಹೋದ ತಿಂಗಳು ಬೆಂಗಳೂರಲ್ಲಿ ಎರಡು ದಿನದ ಸಮ್ಮೇಳನಕ್ಕೆ ಹೋಗಿ ಬಂದೆ. ವಿಷಯ: ಕಾನೂನು ಸೇವೆಗಳ ಭವಿಷ್ಯ. ಪ್ರವೇಶ ಶುಲ್ಕವೇ ಐದು ಸಾವಿರದ ಮೇಲೆ. ರಾತ್ರಿ ಸ್ಲೀಪರ್ ಬಸ್ಸು, ಮೆಜೆಸ್ಟಿಕ್ ಹತ್ತಿರ ಲಾಡ್ಜು ಬೇರೆ. ಕೋರ್ಟಿನಲ್ಲಿ ವಕೀಲರು ಕೂರುವ ಬಾರ್ ರೂಮಿನಲ್ಲಿ ಸುದ್ದಿ ಹೇಳಿದಾಗ ಒಬ್ಬರು, "ಭವಿಷ್ಯ ಕೇಳೋಕೆ ಅಷ್ಟು ದೂರ ಯಾಕೆ, ಇಲ್ಲೇ ಜೋಯಿಸರು ಇದಾರಲ್ಲ" ಅಂದರು.

ಅಲ್ಲಿ ಏನಾಯ್ತು ಎಂದು ಮೂರ್ನಾಲ್ಕು ಜನ ಕೇಳಿದರು. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಇಲ್ಲೇ ನಮ್ಮ ಗುಂಪಿನಲ್ಲಿ ಬರೆದುಬಿಡುತ್ತೇನೆ.

ಕೊರಳಿಗೆ ಹಾಕಿಕೊಳ್ಳಲು ಬ್ಯಾಡ್ಜ್ ಕೊಟ್ಟಿದ್ದರು. ಎಲ್ಲರದ್ದರಲ್ಲೂ ಹೆಸರಿನ ಕೆಳಗೆ ಕಂಪನಿ ಹೆಸರು. ನನ್ನದರಲ್ಲಿ "ಶಿರಸಿ" ಅಂತಷ್ಟೇ ಇತ್ತು. ಕಾಫಿಗೆ ನಿಂತಾಗ ಒಬ್ಬರು ಅದನ್ನು ಓದಿ, "ಶಿರಸಿ... ಇದು ಯಾವ ಫರ್ಮ್? ಹೊಸದಾ?" ಎಂದು ಕೇಳಿದರು. ಹಳೇದು ಎಂದೆ.

ಮೊದಲ ಮಾತುಗಾರರ ವಿಷಯ ಫೀಸು. ಗಂಟೆ ಲೆಕ್ಕದ ಫೀಸು ಸಾಯುತ್ತಿದೆಯಂತೆ. ಇನ್ನು ಮುಂದೆ ಒಂದು ಕೆಲಸಕ್ಕೆ ಇಷ್ಟು ಎಂದು ಮೊದಲೇ ಗೊತ್ತು ಮಾಡಿಕೊಳ್ಳುವುದೇ ದಾರಿಯಂತೆ. ಎಲ್ಲರೂ ಬರೆದುಕೊಂಡರು. ನನಗೆ ನಗು ಬಂತು. ನಮ್ಮಲ್ಲಿ ಗಂಟೆ ಲೆಕ್ಕ ಹುಟ್ಟಿದ್ದೇ ಇಲ್ಲ. ವಾಟ್ನಿ (ಆಸ್ತಿ ಪಾಲಿನ) ದಾವೆಗೆ ಇಷ್ಟು, ಅಪೀಲಿಗೆ ಇಷ್ಟು ಎಂದು ಒಂದೇ ಸಲ ಮಾತಾಡುತ್ತೇವೆ. ಅರ್ಧ ಈಗ, ಉಳಿದದ್ದು ಅಡಿಕೆ ಮಾರಿದ ಮೇಲೆ. ನಾವು ಐವತ್ತು ವರ್ಷದಿಂದ ಭವಿಷ್ಯದಲ್ಲೇ ಇದ್ದೇವೆ ಅಂತಾಯ್ತು.

ಎರಡನೆಯದು ಎಐ. ನಲವತ್ತು ಪುಟದ ಬಾಡಿಗೆ ಕರಾರನ್ನು ಪರದೆ ಮೇಲೆ ಹಾಕಿದರು. ಎರಡು ನಿಮಿಷದಲ್ಲಿ ಅದು ಯಾವ ಷರತ್ತು ಬಾಡಿಗೆದಾರನಿಗೆ ತೊಂದರೆ, ಎಲ್ಲಿ ಪುಟ 9ಕ್ಕೂ ಪುಟ 31ಕ್ಕೂ ಹೊಂದುವುದಿಲ್ಲ ಎಂದು ಪಟ್ಟಿ ಕೊಟ್ಟಿತು. ಸುಳ್ಳು ಯಾಕೆ ಹೇಳಲಿ, ಬೆರಗಾದೆ. ಅದೇ ಕೆಲಸ ನಾನು ಮಾಡಿದ್ದರೆ ಒಂದು ಭಾನುವಾರ ಹೋಗುತ್ತಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಅವರ ಮಳಿಗೆಗೆ ಹೋದೆ. ನನ್ನ ಫೋನಿನಲ್ಲಿ ಒಂದು ಫೋಟೋ ಇತ್ತು. ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬೈ ಪ್ರಾಂತದಲ್ಲಿದ್ದ ಕಾಲದ ಪಾಲುಪತ್ರ. ಕೈಬರಹದ ಕನ್ನಡ, ಪದಕ್ಕೂ ಪದಕ್ಕೂ ನಡುವೆ ಜಾಗವೇ ಇಲ್ಲ. ಮಡಿಕೆ ಬಿದ್ದಲ್ಲಿ ಕಾಗದ ಹರಿದು ಎರಡು ಸಾಲು ಹೋಗಿದೆ. ಒಂದು ಮೂಲೆಯಲ್ಲಿ ಎಲೆಯಡಿಕೆ ಕಲೆ. "ತೆಂಕಲಾಗಿ ಹಳ್ಳದ ದರೆ, ಬಡಗಲಾಗಿ ಹಲಸಿನ ಮರದ ಬುಡ" ಅಂತ ಗಡಿ ಬರೆದಿದ್ದಾರೆ. ಆ ಹಲಸಿನ ಮರ ಯಾವತ್ತೋ ಬಿದ್ದಿದೆ. ಮಳಿಗೆಯ ಹುಡುಗ ಪಾಪ ಒಳ್ಳೆಯವನು, ಫೋಟೋ ಹಾಕಿ ನೋಡಿದ. ಅದರ ಯಂತ್ರ ಇದನ್ನು ಔಷಧಿ ಚೀಟಿ ಎಂದು ಹೇಳಿತು. ಇಬ್ಬರೂ ನಕ್ಕೆವು. ಅವನು ನನಗೊಂದು ಪೆನ್ನು ಕೊಟ್ಟ.

ಇಷ್ಟಾದರೆ ತಮಾಷೆ ಮಾಡಿ ಬಿಡಬಹುದಿತ್ತು. ಆದರೆ ಎರಡನೇ ದಿನ ಒಂದು ಕಂಪನಿಯ ಕಾನೂನು ವಿಭಾಗದ ಹೆಂಗಸೊಬ್ಬರು ಮಾತಾಡಿದರು. ಹತ್ತೇ ನಿಮಿಷ. ಅವರ ಹತ್ತಿರ ಸ್ಲೈಡು ಗಿಯ್ಡು ಏನೂ ಇರಲಿಲ್ಲ. ವಕೀಲರಿಂದ ನನಗೆ ಬೇಕಾದ್ದು ಜಾಣತನ ಅಲ್ಲ, ಕೇಸು ಈಗ ಎಲ್ಲಿದೆ, ಮುಂದೇನು, ನಾನು ಏನು ಮಾಡಬೇಕು, ಈ ಮೂರು ನಾನು ಫೋನ್ ಮಾಡುವ ಮೊದಲೇ ಹೇಳುವವರು ಬೇಕು ಅಂದರು.

ವಾಪಸ್ ಬರುವಾಗ ತುಮಕೂರು ದಾಟುವವರೆಗೂ ಅದೇ ತಲೆಯಲ್ಲಿ. ನನ್ನ ಒಬ್ಬ ಕಕ್ಷಿದಾರ ವಾನಳ್ಳಿ ಕಡೆಯವರು. ವಯಸ್ಸು ಎಪ್ಪತ್ತರ ಮೇಲೆ. ಪ್ರತಿ ವಾಯ್ದೆಗೂ, ಅಂದರೆ ಕೇಸಿನ ತಾರೀಕಿಗೂ, ಬೆಳಿಗ್ಗೆ ಬಸ್ಸಿಗೆ ಬರುತ್ತಾರೆ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕೊಟ್ಟೆ (ಚೀಲ), ಅದರೊಳಗೆ ಎಲ್ಲಾ ಕಾಗದ. ಕೋರ್ಟಿನ ಜಗುಲಿಯಲ್ಲಿ ಕೂರುತ್ತಾರೆ. ಕೇಸು ಕರೆಯುತ್ತಾರೆ, ಎದುರಿನವರು ಸಮಯ ಕೇಳುತ್ತಾರೆ, ಅರ್ಧ ನಿಮಿಷದಲ್ಲಿ ಮುಂದಿನ ತಾರೀಕು. ನಾನು ಚೀಟಿಯಲ್ಲಿ ತಾರೀಕು ಬರೆದು ಕೊಡುತ್ತೇನೆ. ಅವರು ಅದನ್ನು ಮಡಚಿ ಕೊಟ್ಟೆಗೆ ಹಾಕಿ ಸಂಜೆ ಬಸ್ಸಿಗೆ ಹೋಗುತ್ತಾರೆ.

ಊರಿಗೆ ಬಂದು ಡೈರಿ ತೆಗೆದು ಎಣಿಸಿದೆ. ಎರಡು ವರ್ಷದಲ್ಲಿ 14 ವಾಯ್ದೆ. ಅವರು ನಿಜಕ್ಕೂ ಬರಬೇಕಾಗಿದ್ದುದು 3ಕ್ಕೆ. ಸಿವಿಲ್ ದಾವೆ ಅಲ್ವಾ, ವಕೀಲರಿಗೆ ಕೇಸು ವಹಿಸುವ ವಕಾಲತ್ತು ಹಾಕಿದ ಮೇಲೆ ಸಾಕ್ಷಿ ಹೇಳುವ ದಿನ, ರಾಜಿ ಮಾತಿನ ದಿನ ಬಂದರೆ ಸಾಕು. ಉಳಿದ 11 ಸಲ ಸುಮ್ನೆ ಬಂದಿದ್ದಾರೆ. ಬರಬೇಡಿ ಎಂದು ನಾನು ಒಮ್ಮೆಯೂ ಹೇಳಿರಲಿಲ್ಲ. ಅವರು ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ನಿಮ್ಮ ಕಡೆ ಹೇಗೆ? ಆ ಸಮ್ಮೇಳನದ ಮಾತಿನಲ್ಲಿ ನಮ್ಮ ತಾಲೂಕು ಕೋರ್ಟಿಗೆ ಆಗುವಂಥದ್ದು ಏನಾದರೂ ಇದೆಯಾ?

ಹಳೇ ಕರಿಕೋಟು, ಕಾರವಾರ

ತಂಗೀ, ಚೆನ್ನಾಗಿ ಬರೆದಿದ್ದೀಯ. ಆದರೆ ಒಂದು ಮಾತು.

ನಾನು ಈ ಕೋರ್ಟಿಗೆ ಬಂದು 38 ವರ್ಷ ಆಯ್ತು. ಬರುವಾಗ ಟೈಪ್‌ರೈಟರ್ ಸದ್ದು. ಆಮೇಲೆ ಕಂಪ್ಯೂಟರ್ ಬಂತು. 2020ರಲ್ಲಿ ಕೊರೋನಾ ಬಂದು ನಾನೂ ಲುಂಗಿ ಮೇಲೆ ಕೋಟು ಹಾಕಿ ಮೊಬೈಲ್ ಮುಂದೆ ಕೂತೆ. ಪ್ರತಿ ಸಲವೂ ವಕೀಲಿ ಮುಗಿಯಿತು ಅಂದರು. ಮುಗಿಯಲಿಲ್ಲ. ರವೀಂದ್ರನಾಥ ಠಾಕೂರರ ಅಣ್ಣ ಸತ್ಯೇಂದ್ರನಾಥರು 1880ರ ದಶಕದಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಅವರ ಎದುರು ನಿಂತ ವಕೀಲನನ್ನು ಇವತ್ತು ಕರೆತಂದು ನಮ್ಮ ಕೋರ್ಟ್ ಹಾಲಿನಲ್ಲಿ ಕೂರಿಸಿದರೆ ಫ್ಯಾನು, ಕಂಪ್ಯೂಟರು ನೋಡಿ ಒಂದು ಗಳಿಗೆ ಗಾಬರಿ ಆದಾನು. ಆಮೇಲೆ ಎದ್ದು ವಾಯ್ದೆ ಕೇಳುತ್ತಾನೆ.

ನಿನ್ನ ವಾನಳ್ಳಿ ಯಜಮಾನರ ವಿಷಯ. ಅವರು ವಾಯ್ದೆಗೆ ಮಾತ್ರ ಬರುತ್ತಾರೆ ಎಂದು ತಿಳಿದಿದ್ದೀಯಾ? ಎದುರು ಪಾರ್ಟಿ ಬಂದಿದ್ದಾನಾ, ಅವನ ಮುಖ ಹೇಗಿದೆ, ಅವನ ಜೊತೆ ಯಾರು ಬಂದರು, ಇದೆಲ್ಲ ನೋಡಬೇಕು. ತಾನು ಬಂದದ್ದು ಅವನಿಗೂ ಕಾಣಬೇಕು. ಬರದಿದ್ದರೆ ಸೋತ ಹಾಗೆ. ಆಮೇಲೆ ಅಡಿಕೆ ಮಂಡಿಯಲ್ಲಿ ದರ ಕೇಳಿ, ಮಾತ್ರೆ ತಗೊಂಡು, ಒಂದು ಚಾ ಕುಡಿದು ಹೋಗುತ್ತಾರೆ. ಇದನ್ನು ಯಾವ ಆಪ್ ಕೊಡುತ್ತದೆ?

ಆದರೆ ಒಂದು ಕಡೆ ನಿನ್ನ ಯಂತ್ರ ಆಗ ಇದ್ದಿದ್ದರೆ ಅನ್ನಿಸಿದ್ದುಂಟು. ಸೀಬರ್ಡ್ ನೌಕಾನೆಲೆಗೆ ಭೂಮಿ ಹೋದಾಗಿನ ಮಾತು. 1986ರಲ್ಲಿ ಅಡಿಗಲ್ಲು ಬಿತ್ತು. ಪರಿಹಾರ ಸಾಲದು ಎಂಬ ಅರ್ಜಿಗಳು ಕಟ್ಟುಗಟ್ಟಲೆ. ಊರು ಒಂದೇ, ಜಮೀನಿನ ತರ ಒಂದೇ, ಕೇಳುವ ಪ್ರಶ್ನೆ ಒಂದೇ. ಹೆಸರು, ಸರ್ವೆ ನಂಬರು, ಗುಂಟೆ ಮಾತ್ರ ಬೇರೆ. ಒಬ್ಬೊಬ್ಬನಿಗೂ ಮೊದಲಿಂದ ಕೈಯಲ್ಲಿ ಬರೆದು ಟೈಪ್ ಮಾಡಿಸಿದೆವು. ಆ ವರ್ಷಗಳಲ್ಲಿ ನನ್ನ ಕಾರಕೂನನ ಬೆರಳು ನೋಡಬೇಕಿತ್ತು.

ಹೊನ್ನಾವರದ ಹುಡುಗಿ, ಈಗ ಬೆಂಗಳೂರು

ಅಕ್ಕಾ, ಬ್ಯಾಡ್ಜ್ ಕಥೆ ಓದಿ ಆಫೀಸಿನಲ್ಲಿ ಜೋರಾಗಿ ನಕ್ಕೆ. ಆದರೆ ಅಲ್ಲಿ ಕೂತವರ ಪರವಾಗಿ ನಾನೂ ಸ್ವಲ್ಪ ಹೇಳಬೇಕು. ನಾನು ಒಂದು ಕಂಪನಿಯಲ್ಲಿ ಕರಾರು ನೋಡುವ ಕೆಲಸದಲ್ಲಿ ಇದ್ದೇನೆ.

ದಿನಕ್ಕೆ ಹತ್ತು ಹದಿನೈದು ಕರಾರು ಬರುತ್ತವೆ. ಅದರಲ್ಲಿ ಹೆಚ್ಚಿನವು ಒಂದೇ ಥರ. ಗುಟ್ಟು ಕಾಯುವ ಕರಾರು, ಸಾಮಾನು ಪೂರೈಕೆ ಕರಾರು, ಅಷ್ಟೇ. ಮೊದಲು ಇದಕ್ಕೆ ಹೊರಗಿನ ಫರ್ಮಿನ ಜೂನಿಯರ್‌ಗಳು ರಾತ್ರಿ ಹನ್ನೊಂದರವರೆಗೆ ಕೂರುತ್ತಿದ್ದರು. ಗಂಟೆ ಲೆಕ್ಕದಲ್ಲಿ ನಾವು ದುಡ್ಡು ಕೊಡುತ್ತಿದ್ದೆವು. ಈಗ ಮೊದಲ ಓದು ಯಂತ್ರದ್ದು, ಎರಡನೇ ಓದು ನನ್ನದು. ಗಂಟೆ ಲೆಕ್ಕ ಸಾಯುತ್ತಿದೆ ಎಂದು ಅವರು ಹೇಳಿದ್ದು ಇದಕ್ಕೆ. ಎರಡು ನಿಮಿಷದ ಕೆಲಸಕ್ಕೆ ಆರು ಗಂಟೆ ಬಿಲ್ ಹಾಕಿದರೆ ಯಾರು ಕೊಡುತ್ತಾರೆ?

ಇಂಗ್ಲೆಂಡಿನಲ್ಲಿ 2007ರ ಕಾನೂನು ಬಂದ ಮೇಲೆ ವಕೀಲರಲ್ಲದವರೂ ಕಾನೂನು ಸಂಸ್ಥೆಗೆ ಬಂಡವಾಳ ಹಾಕಬಹುದು, ಮಾಲೀಕರೂ ಆಗಬಹುದು. ಅಲ್ಲಿಂದ ಬಂದ ಮಾತುಗಾರರು ಅದನ್ನೇ ಜಗತ್ತಿನ ಭವಿಷ್ಯ ಅಂತಾರೆ. ನಮ್ಮಲ್ಲಿ ಅದು ಆಗುವುದಿಲ್ಲ. ವಕೀಲರಲ್ಲದವರ ಜೊತೆ ಫೀಸು ಹಂಚಿಕೊಳ್ಳಬಾರದು ಎಂದು ವಕೀಲರ ಮಂಡಳಿಯಾದ ಬಾರ್ ಕೌನ್ಸಿಲ್ ನಿಯಮವೇ ಇದೆ. ವಿದೇಶಿ ಫರ್ಮ್‌ಗಳಿಗೆ 2023ರಲ್ಲಿ ಬಾಗಿಲು ತೆಗೆದರು, 2025ರಲ್ಲಿ ಆ ನಿಯಮ ತಿದ್ದಿದರು. ಆದರೂ ಅವರು ತಮ್ಮ ದೇಶದ ಕಾನೂನು, ಅಂತಾರಾಷ್ಟ್ರೀಯ ಕಾನೂನಿನ ಸಲಹೆ ಕೊಡಬಹುದೇ ಹೊರತು ನಮ್ಮ ಕೋರ್ಟಿನಲ್ಲಿ ನಿಂತು ವಾದ ಮಾಡುವಂತಿಲ್ಲ. ಹಾಗಾಗಿ ಕರಿಕೋಟು ಸರ್ ಧೈರ್ಯವಾಗಿರಿ, ಲಂಡನ್ನಿನವರು ಕಾರವಾರಕ್ಕೆ ಬರುವುದಿಲ್ಲ. ಬಂದರೂ ಸಮುದ್ರ ನೋಡಿ ಮೀನು ಊಟ ಮಾಡಿ ಹೋಗುತ್ತಾರೆ.

ಹಳೇ ಕರಿಕೋಟು, ಕಾರವಾರ

ಬರಲಿ ಬರಲಿ. ಇಲ್ಲಿ ಬಂದು ಕೋರ್ಟಿನ ಕಾಗದದ ಒಂದು ನಕಲು ತೆಗೆಸಿ ತೋರಿಸಲಿ.

ಬಾಂಡ್ ಬರೆಯುವವ, ಕುಮಟಾ

ವಕೀಲರೆಲ್ಲ ಮಾತಾಡುತ್ತಿದ್ದೀರಿ. ನಮ್ಮಂಥವರ ಸುದ್ದಿ ಯಾರೂ ತೆಗೆಯಲಿಲ್ಲ. ನಿಮ್ಮ ಭವಿಷ್ಯ ಇನ್ನೂ ಬರಬೇಕು. ನಮ್ಮದು 2023ರಲ್ಲೇ ಬಂದು ಹೋಯ್ತು.

ಆಸ್ತಿ ನೋಂದಣಿಗೆ ಸರ್ಕಾರದ ಆನ್‌ಲೈನ್ ವ್ಯವಸ್ಥೆ ಕಾವೇರಿ 2.0 ಬಂದ ಮೇಲೆ ಖರೀದಿ ಪತ್ರದ ವಿವರ ಎಲ್ಲಾ ಆನ್‌ಲೈನ್‌ನಲ್ಲಿ ಮೊದಲೇ ತುಂಬಬೇಕು. ಕರಡು ಅಪ್‌ಲೋಡ್, ಶುಲ್ಕ ಆನ್‌ಲೈನ್, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗುವ ಸಮಯ ಆನ್‌ಲೈನ್. ಜನರೇ ಮನೆಯಲ್ಲಿ ಕೂತು ಮಾಡಬಹುದು, ಮಧ್ಯೆ ಯಾರೂ ಬೇಡ ಅಂದರು. ನಾನು ಮೂರು ತಿಂಗಳು ನಿದ್ದೆ ಮಾಡಲಿಲ್ಲ. ಅಕ್ಷರ ಚೆನ್ನಾಗಿದೆ ಅಂತ ಅನ್ನ ತಿಂದವ ನಾನು.

ಆಮೇಲೆ ಏನಾಯ್ತು ಗೊತ್ತಾ? ಕೆಲಸ ಜಾಸ್ತಿ ಆಯ್ತು. ಜನ ಮನೆಯಲ್ಲಿ ತುಂಬಲು ಕೂತರು. ಪಹಣಿಯಲ್ಲಿ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಪಹಣಿಯಲ್ಲಿ "ಗಣಪತಿ ಬಿನ್ ಮಂಜಪ್ಪ", ಆಧಾರ್‌ನಲ್ಲಿ "ಗಣಪ್ಪ ಎಂ". ಅಲ್ಲಿಗೆ ನಿಂತಿತು. ಓಟಿಪಿ ಮಗನ ಫೋನಿಗೆ ಹೋಗುತ್ತದೆ, ಮಗ ಪುಣೆಯಲ್ಲಿ. ಎಲ್ಲಾ ತಿರುಗಿ ನನ್ನ ಅಂಗಡಿಗೇ ಬಂದರು. ಈಗ ಪೆನ್ನು ಮುಟ್ಟುವುದು ಸಹಿಗೆ ಮಾತ್ರ. ಸ್ಕ್ಯಾನರು, ಪ್ರಿಂಟರು ತಗೊಂಡೆ, ಮಗಳು ಟೈಪ್ ಮಾಡುತ್ತಾಳೆ. ಟೈಪ್ ಬರದ ಇಬ್ಬರು ಗೆಳೆಯರು ಮಾತ್ರ ಅಂಗಡಿ ಮುಚ್ಚಿದರು. ಅದನ್ನೂ ಹೇಳಬೇಕಲ್ಲ.

ಘಟ್ಟದಮೇಲಿನ ವಕೀಲೆ, ಶಿರಸಿ

ಅಣ್ಣಾ, ನಿಮ್ಮನ್ನು ಆ ವೇದಿಕೆ ಮೇಲೆ ಕೂರಿಸಬೇಕಿತ್ತು. "ಗಣಪತಿ ಬಿನ್ ಮಂಜಪ್ಪ" ವಿಷಯ ಎರಡು ದಿನದಲ್ಲಿ ಒಬ್ಬರೂ ಎತ್ತಲಿಲ್ಲ. ನನ್ನ ಅರ್ಧ ವಕೀಲಿ ಅದೇ.

ಮೊದಲ ವರ್ಷದ ಜೂನಿಯರ್, ಅಂಕೋಲಾ

ಒಂದು ತಪ್ಪೊಪ್ಪಿಗೆ. ನನ್ನ ಸೀನಿಯರ್ ಇಲ್ಲಿ ಇಲ್ಲ ಎಂದು ನಂಬಿ ಬರೆಯುತ್ತಿದ್ದೇನೆ.

ಎರಡು ತಿಂಗಳ ಹಿಂದೆ ಮಧ್ಯಂತರ ತಡೆಯಾಜ್ಞೆ ಅರ್ಜಿಗೆ ಆಧಾರವಾಗುವ ಹಳೇ ತೀರ್ಪು ಹುಡುಕಲು ಹೇಳಿದರು. ಮರುದಿನವೇ ವಾದ. ರಾತ್ರಿ ಹನ್ನೊಂದು ಗಂಟೆ, ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಎಐ ಚಾಟ್‌ನಲ್ಲಿ ಕೇಳಿದೆ. ಅದು ಮೂರು ತೀರ್ಪು ಕೊಟ್ಟಿತು. ಹೆಸರು, ವರ್ಷ, ಪುಟ ಸಂಖ್ಯೆ, ಎಲ್ಲಾ ಚಂದ. ಮೂರನೆಯದಂತೂ ನಮ್ಮ ಕೇಸಿಗೇ ಹೊಲಿಸಿದ ಅಂಗಿಯ ಹಾಗೆ. ಅದೇ ಅನುಮಾನ ಬಂತು. ನಮ್ಮ ಕೇಸಿಗೆ ಅಷ್ಟು ಸರಿಯಾಗಿ ಹೊಂದುವ ತೀರ್ಪು ಈ ಲೋಕದಲ್ಲಿ ಇರಲಿಕ್ಕಿಲ್ಲ ಅಂತ.

ಹುಡುಕಿದೆ. ಮೊದಲನೆಯದು ಇತ್ತು, ಆದರೆ ಅದು ಬಾಡಿಗೆ ಕೇಸು, ನಮಗೆ ಸಂಬಂಧ ಇಲ್ಲ. ಎರಡನೆಯದರ ಪುಟದಲ್ಲಿ ಬೇರೆ ಯಾವುದೋ ತೆರಿಗೆ ಕೇಸು. ಮೂರನೆಯದು ಎಲ್ಲೂ ಇಲ್ಲ. ಬೆಳಗಿನ ಜಾವ ಎರಡಕ್ಕೆ ಎದೆ ಹೊಡೆದುಕೊಳ್ಳುತ್ತಿತ್ತು. ಹುಡುಕದೆ ಹಾಗೇ ಕೊಟ್ಟಿದ್ದರೆ?

ಹೊನ್ನಾವರದ ಹುಡುಗಿ, ಈಗ ಬೆಂಗಳೂರು

ಹೆದರಿದ್ದು ಒಳ್ಳೆಯದಾಯ್ತು. 2023ರಲ್ಲಿ ನ್ಯೂಯಾರ್ಕಿನಲ್ಲಿ ಹಾಗೇ ಕೊಟ್ಟ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ನಮ್ಮ ಹೈಕೋರ್ಟಿನ ಮುಂದೆಯೂ 2025ರ ಮಾರ್ಚ್‌ನಲ್ಲಿ ಇಂಥದ್ದು ಬಂತು. ಅದು ವಕೀಲರ ಅರ್ಜಿಯಲ್ಲಿ ಅಲ್ಲ, ಕೆಳಗಿನ ಕೋರ್ಟಿನ ಆದೇಶದಲ್ಲೇ ಇಲ್ಲದ ತೀರ್ಪುಗಳ ಹೆಸರಿತ್ತು. ಕೇರಳ ಹೈಕೋರ್ಟ್ 2025ರ ಜುಲೈನಲ್ಲಿ ತನ್ನ ಜಿಲ್ಲಾ ನ್ಯಾಯಾಂಗಕ್ಕೆ ಎಐ ನೀತಿಯನ್ನೇ ಹೊರಡಿಸಿತು. ತೀರ್ಮಾನಕ್ಕೆ ಬರಲು ಎಐ ಬಳಸಬಾರದು ಎಂದು ಖಡಾಖಂಡಿತ ಹೇಳಿದೆ.

ಸುಪ್ರೀಂ ಕೋರ್ಟಿನ ತೀರ್ಪುಗಳ ಆನ್‌ಲೈನ್ ಸಂಗ್ರಹ ಇ-ಎಸ್‌ಸಿಆರ್ 2023ರಿಂದ ಇದೆ, ಪುಕ್ಕಟೆ. ಅಲ್ಲಿ ತೀರ್ಪು ತೆಗೆದು, ಪೂರ್ತಿ ಓದಿ, ಪ್ರಿಂಟ್ ಹಾಕಿಕೊಂಡೇ ಹೋಗು. ಇನ್ನೊಂದು ಮಾತು. ಕಕ್ಷಿದಾರರ ಹೆಸರು, ಕಾಗದ, ಮನೆ ಜಗಳ ಇದನ್ನೆಲ್ಲ ಆ ಚಾಟ್‌ನಲ್ಲಿ ಹಾಕಬೇಡ. ಅವರು ನಿನ್ನ ಹತ್ತಿರ ಹೇಳಿದ್ದನ್ನು ಹೊರಗೆ ಬಿಡಬಾರದು ಎಂದು ಹೊಸ ಸಾಕ್ಷ್ಯ ಅಧಿನಿಯಮದ 132ನೇ ಕಲಮು ಹೇಳುತ್ತದೆ. ಹಳೇ ಕಾನೂನಿನ 126.

ಹಳೇ ಕರಿಕೋಟು, ಕಾರವಾರ

ಅಂಕೋಲಾದ ಹುಡುಗ, ನಿನ್ನ ಸೀನಿಯರ್ ಇಲ್ಲಿ ಇದ್ದಾರೆ. ನಾನಲ್ಲ, ಹೆದರಬೇಡ. ಆದರೆ ಅವರು ಓದುತ್ತಾರೆ.

ನೀನು ಮಾಡಿದ್ದು ಸರಿ. ನಮ್ಮ ಕಾಲದಲ್ಲಿ ಪುಸ್ತಕ ತೆಗೆದು ಕೊಡುವ ಕೆಲಸ ಜೂನಿಯರ್‌ದು. ಒಂದು ತೀರ್ಪು ಹುಡುಕುವಾಗ ದಾರಿಯಲ್ಲಿ ಹತ್ತು ಕಣ್ಣಿಗೆ ಬೀಳುತ್ತಿದ್ದವು. ಕಲಿತದ್ದು ಆ ಹತ್ತರಿಂದ. ನಿಮಗೆ ಬೇಕಾದ್ದು ನೇರವಾಗಿ ಸಿಗುತ್ತದೆ, ದಾರಿ ಸಿಗುವುದಿಲ್ಲ. ನನಗಿರುವ ಚಿಂತೆ ಅದೊಂದೇ.

ತೋಟದ ಮನೆ, ಯಲ್ಲಾಪುರ

ನಾನು ವಕೀಲನಲ್ಲ. ಕಕ್ಷಿದಾರ. 2011ರಿಂದ ಒಂದು ದಾವೆ ಇದೆ, ಚಿಕ್ಕಪ್ಪನ ಮಕ್ಕಳ ಜೊತೆ. ಹಾಗಾಗಿ ನನಗೂ ಮಾತಾಡುವ ಹಕ್ಕು ಇದೆ ಅಂದುಕೊಂಡಿದ್ದೇನೆ.

ಕೇಸಿನ ಸ್ಥಿತಿ ತೋರಿಸುವ ಇ-ಕೋರ್ಟ್ಸ್ ಆಪ್ ನನ್ನ ಫೋನಿನಲ್ಲಿ ಇದೆ. ಮಗ ಹಾಕಿಕೊಟ್ಟ. ಸಿಎನ್‌ಆರ್ ನಂಬರು, ಅಂದರೆ ಕೇಸಿನ ಗುರುತಿನ ಸಂಖ್ಯೆ, 16 ಅಕ್ಷರ, ನನಗೆ ಬಾಯಿಪಾಠ. ನಂಬರು ಹಾಕಿದರೆ ಮುಂದಿನ ತಾರೀಕು ಬರುತ್ತದೆ. ಸರ್ಕಾರ 2023ರಲ್ಲಿ ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ 7,210 ಕೋಟಿ ರೂಪಾಯಿ ಮಂಜೂರು ಮಾಡಿದೆ ಎಂದು ಪೇಪರಿನಲ್ಲಿ ಓದಿದ್ದೆ. ಒಳ್ಳೆಯದೇ. ಆದರೆ ತಾರೀಕಿನ ಪಕ್ಕ ಇಂಗ್ಲಿಷಿನಲ್ಲಿ "ಎವಿಡೆನ್ಸ್" ಎಂದು ಇದೆ. ಮೂರು ವರ್ಷದಿಂದ ಅದೇ ಪದ. ಯಾರ ಎವಿಡೆನ್ಸು? ನನ್ನದಾ, ಅವರದಾ? ಮುಗೀತಾ, ಅರ್ಧ ಆಯ್ತಾ? ವಕೀಲರ ಆಫೀಸಿಗೆ ಫೋನ್ ಮಾಡಿದರೆ "ನಡೀತಾ ಇದೆ" ಅಂತಾರೆ. ನಡೀತಾ ಇದೆ ಅಂದರೆ ಬಸ್ಸು ನಡೀತಾ ಇದೆಯಾ, ಎತ್ತಿನಗಾಡಿ ನಡೀತಾ ಇದೆಯಾ?

ಶಿರಸಿ ವಕೀಲರೇ, ನೀವು 11 ಸಲ ಸುಮ್ನೆ ಬಂದರು ಎಂದು ಬರೆದಿರಿ. ಓದಿ ಹೊಟ್ಟೆ ಉರಿಯಿತು. ನಾನು ಎಣಿಸಿಲ್ಲ. ಎಣಿಸುವುದೂ ಬೇಡ. ಒಂದು ದಿನ ಕೋರ್ಟಿಗೆ ಹೋದರೆ ತೋಟದ ಒಂದು ಆಳಿನ ಕೂಲಿ, ಬಸ್ ಚಾರ್ಜು, ಊಟ. ತೋಟಕ್ಕೆ ಮದ್ದು ಹೊಡೆಯುವ ದಿನವೇ ವಾಯ್ದೆ ಬಿದ್ದರೆ ಮುಗೀತು. ಮಳೆ ಯಾರಿಗೂ ಕಾಯುವುದಿಲ್ಲ, ಕೊಳೆ ರೋಗವೂ ಕಾಯುವುದಿಲ್ಲ.

ಕರಿಕೋಟು ಸರ್ ಹೇಳಿದ್ದೂ ಸುಳ್ಳಲ್ಲ. ಎದುರಿನವರ ಮುಖ ನೋಡಲು ಹೋಗುವುದು ಉಂಟು. ಮೊದಲ ಐದು ವರ್ಷ. ಆಮೇಲೆ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಅಡಿಕೆ ದರ ಮಾತಾಡಲು ಶುರು ಮಾಡಿದೆವು. ವಕೀಲರಿಗೆ ಮಾತ್ರ ಹೇಳಿಲ್ಲ.

ಘಟ್ಟದಮೇಲಿನ ವಕೀಲೆ, ಶಿರಸಿ

ಯಜಮಾನರೇ, ಒಂದೇ ಬೆಂಚಿನಲ್ಲಿ ಕೂತು ಮಾತಾಡುವ ಹಾಗಿದ್ದರೆ ದಯವಿಟ್ಟು ಅದನ್ನು ನಿಮ್ಮ ವಕೀಲರಿಗೆ ಇವತ್ತೇ ಹೇಳಿ. ಲೋಕ ಅದಾಲತಿನಲ್ಲಿ ರಾಜಿ ಆದರೆ ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ. ಅದರ ಮೇಲೆ ಅಪೀಲು ಇಲ್ಲ, ಅಲ್ಲಿಗೆ ಮುಗಿಯಿತು. 2023ರಲ್ಲಿ ಮಧ್ಯಸ್ಥಿಕೆಗೆ ಬೇರೆ ಕಾಯಿದೆಯೇ ಬಂದಿದೆ. ಸಮ್ಮೇಳನದಲ್ಲಿ ಆನ್‌ಲೈನ್ ರಾಜಿ ಬಗ್ಗೆ ಒಂದೂವರೆ ಗಂಟೆ ಮಾತಾಡಿದರು. ನಿಮ್ಮ ಬೆಂಚಿಗಿಂತ ಒಳ್ಳೆಯ ವೇದಿಕೆ ಅವರ ಹತ್ತಿರ ಇರಲಿಲ್ಲ.

ರೀಲ್ಸ್ ಹುಡುಗ, ಭಟ್ಕಳ

ಇಷ್ಟೆಲ್ಲ ಯಾಕೆ, ವಕೀಲರು ಎಲ್ಲಾ ಒಂದು ಚಾನೆಲ್ ಮಾಡಿ. "ನಿಮ್ಮ ಜಮೀನಿನ ಸಮಸ್ಯೆಗೆ ಸಂಪರ್ಕಿಸಿ" ಅಂತ ಫೋನ್ ನಂಬರ್ ಹಾಕಿ. ಜನರೇ ಬರ್ತಾರೆ. ಡಾಕ್ಟರು ಮಾಡ್ತಾರಲ್ಲ.

ಹಳೇ ಕರಿಕೋಟು, ಕಾರವಾರ

ಮಾಡಿದರೆ ಸನ್ನದು, ಅಂದರೆ ವಕೀಲಿ ಮಾಡುವ ಪರವಾನಗಿ, ಹೋಗಬಹುದು ಮಾರಾಯ. ಬಾರ್ ಕೌನ್ಸಿಲ್ ನಿಯಮ 36. ವಕೀಲ ಜಾಹೀರಾತು ಕೊಡಬಾರದು, ಕೆಲಸ ಕೇಳಿಕೊಂಡು ಹೋಗಬಾರದು. ಬೋರ್ಡು ಕೂಡ ಹದವಾದ ಅಳತೆಯಲ್ಲಿ ಇರಬೇಕು. 2008ರಲ್ಲಿ ವೆಬ್‌ಸೈಟಿಗೆ ಒಪ್ಪಿಗೆ ಕೊಟ್ಟರು. ಅದರಲ್ಲಿಯೂ ಹೆಸರು, ವಿಳಾಸ, ಸನ್ನದು ನಂಬರು, ಓದು, ಯಾವ ವಿಷಯದ ಕೆಲಸ, ಇಷ್ಟೇ. ಕಾನೂನು ತಿಳಿಸಿ ಹೇಳಬಹುದು. "ನನ್ನ ಹತ್ತಿರ ಬನ್ನಿ" ಅನ್ನಬಾರದು.

ಕಾನೂನು ನೆರವಿನ ಅಕ್ಕ, ಜೋಯಿಡಾ

ನಾನು ಊರೂರಿಗೆ ಹೋಗಿ ಕಾನೂನು ನೆರವಿನ ಮಾಹಿತಿ ಹೇಳುವವಳು. ನಮ್ಮಲ್ಲಿ ಭವಿಷ್ಯ ಎಂದರೆ ಮೊದಲು ಟವರ್ ಬರಬೇಕು. ಕೆಲವು ಹಾಡಿಗಳಲ್ಲಿ ಫೋನ್ ಮಾಡಲು ಗುಡ್ಡ ಹತ್ತಬೇಕು.

ನನಗೆ ಬೇಜಾರು ಎಲ್ಲಿ ಅಂದರೆ, ಇರುವ ಸೇವೆಯೇ ಜನರಿಗೆ ಗೊತ್ತಿಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಪುಕ್ಕಟೆ ವಕೀಲರು ಸಿಗುತ್ತಾರೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯಿದೆ, 12ನೇ ಕಲಮು. ಪರಿಶಿಷ್ಟ ಜಾತಿ, ಪಂಗಡದವರಿಗೂ, ಮಕ್ಕಳಿಗೂ, ಅಂಗವಿಕಲರಿಗೂ ಹಾಗೇ. ಸಹಾಯವಾಣಿ 15100. ಇದನ್ನು ಹೇಳಿದಾಗಲೆಲ್ಲ ಒಬ್ಬರಾದರೂ "ಪುಕ್ಕಟೆ ವಕೀಲರು ಸರಿಯಾಗಿ ವಾದ ಮಾಡ್ತಾರಾ?" ಎಂದು ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಒಂದೇ ಉತ್ತರ ಇಲ್ಲ. ಕೆಲವರು ಮಾಡುತ್ತಾರೆ, ಕೆಲವರು ಇಲ್ಲ. ದುಡ್ಡು ತಗೊಂಡವರಲ್ಲೂ ಹಾಗೇ ಅಲ್ವಾ?

ಇನ್ನು ಅರಣ್ಯ ಹಕ್ಕಿನ ಅರ್ಜಿ. ನಮ್ಮ ಜಿಲ್ಲೆಯಲ್ಲಿ ಕಾಡಿನ ಅಂಚಿನಲ್ಲಿ ಮನೆ ಇಲ್ಲದ ಊರು ಎಲ್ಲಿದೆ? 2006ರ ಕಾಯಿದೆ ಪ್ರಕಾರ ಬುಡಕಟ್ಟಿಗೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದರು ಎಂದು ತೋರಿಸಬೇಕು. ಕಾಗದ ಎಲ್ಲಿಂದ ತರುತ್ತಾರೆ? ನಿಯಮದಲ್ಲಿ ಊರಿನ ಹಿರಿಯರ ಹೇಳಿಕೆ ಬರೆದುಕೊಂಡರೂ ಅದು ಪುರಾವೆಯೇ ಎಂದು ಇದೆ. ಅರ್ಜಿದಾರರ ಬಿಟ್ಟು ಬೇರೆ ಹಿರಿಯರು ಆಗಬೇಕು. ಹೋದ ವರ್ಷ ಒಬ್ಬ ಅಜ್ಜಿಯ ಹೇಳಿಕೆ ಬರೆದೆ. ಅಜ್ಜಿಗೆ ಇಸವಿ ಗೊತ್ತಿಲ್ಲ. "ಗಾಂಧಿ ಸತ್ತ ವರ್ಷ ಆ ಮನೇಲಿ ಬಾಣಂತಿ ಇದ್ಲು, ನಾನೇ ನೀರು ಹೊತ್ತದ್ದು" ಅಂದಳು. 1948. ಅರ್ಜಿದಾರನ ದೊಡ್ಡಪ್ಪ ಹುಟ್ಟಿದ ವರ್ಷ ಅದು. ಈ ಕೆಲಸ ಮಾಡುವ ಎಐ ಇದ್ದರೆ ಹೇಳಿ. ನಾನು ಅದಕ್ಕೆ ಚಾ ಮಾಡಿಕೊಡುತ್ತೇನೆ.

ಮೊದಲ ವರ್ಷದ ಜೂನಿಯರ್, ಅಂಕೋಲಾ

ಅಕ್ಕಾ, ಹೇಳಿಕೆಯನ್ನು ಫೋನಿನಲ್ಲಿ ರೆಕಾರ್ಡ್ ಕೂಡ ಮಾಡಿಡಿ. ನಾಳೆ ಕೋರ್ಟಿಗೆ ಬೇಕಾದರೆ ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. 2024ರ ಜುಲೈ 1ರಿಂದ ಅದರಲ್ಲಿ ಎರಡು ಭಾಗ. ಒಂದು ನಮ್ಮದು, ಇನ್ನೊಂದು ತಜ್ಞರದು. ಫೈಲು ಬದಲಾಗಿಲ್ಲ ಎಂದು ತೋರಿಸುವ ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು. ಇದನ್ನು ಮಾತ್ರ ನಾನು ಸರಿಯಾಗಿ ಕಲಿತಿದ್ದೇನೆ. ನಮ್ಮ ಆಫೀಸಿನಲ್ಲಿ ಈ ಕೆಲಸ ಬಂದರೆ ಸೀನಿಯರೇ ನನ್ನನ್ನು ಕರೆಯುತ್ತಾರೆ.

ಅಂದಹಾಗೆ ಅವರು ಓದಿದರು. ಏನೂ ಹೇಳಲಿಲ್ಲ. ಮರುದಿನ ಮೇಜಿನ ಮೇಲೆ ಹಳೇ ತೀರ್ಪು ಪುಸ್ತಕದ ನಾಲ್ಕು ಸಂಪುಟ ಇಟ್ಟಿದ್ದರು.

ಹೊನ್ನಾವರದ ಹುಡುಗಿ, ಈಗ ಬೆಂಗಳೂರು

ಶಿರಸಿ ಅಕ್ಕಾ, ಮೂಲ ಪ್ರಶ್ನೆ ಎಲ್ಲೋ ಹೋಯ್ತು. 11 ವಾಯ್ದೆ ವಿಷಯಕ್ಕೆ ಏನು ಮಾಡಿದಿರಿ?

ಘಟ್ಟದಮೇಲಿನ ವಕೀಲೆ, ಶಿರಸಿ

ಹೇಳುತ್ತೇನೆ. ಸಾಫ್ಟ್‌ವೇರ್ ಏನೂ ಕೊಳ್ಳಲಿಲ್ಲ. ಮಳಿಗೆಯಲ್ಲಿ ಒಬ್ಬರು ವರ್ಷಕ್ಕೆ ಹೇಳಿದ ಬೆಲೆಗೆ ನನ್ನ ಆಫೀಸಿನ ಬಾಡಿಗೆಯೇ ಮುಗಿಯುತ್ತಿತ್ತು.

ದಿನಾ ಸಂಜೆ ಐದೂವರೆಗೆ ಡೈರಿ ಇಟ್ಟುಕೊಂಡು ಕೂರುತ್ತೇನೆ. ಅವತ್ತು ಕರೆದ ಪ್ರತಿ ಕೇಸಿಗೆ ಒಂದು ವಾಟ್ಸಾಪ್ ಧ್ವನಿ ಸಂದೇಶ. ಅರ್ಧ ನಿಮಿಷ. ಕನ್ನಡದಲ್ಲಿ ಮೂರೇ ವಿಷಯ: ಇವತ್ತು ಏನಾಯ್ತು, ಮುಂದಿನ ತಾರೀಕು ಯಾವುದು, ನೀವು ಬರಬೇಕಾ ಬೇಡವಾ. ಬರೆದು ಕಳಿಸಿದರೆ ಎಷ್ಟೋ ಜನ ಓದುವುದಿಲ್ಲ, ಕನ್ನಡಕ ಹುಡುಕಬೇಕು. ಮಾತಾದರೆ ಮನೆಮಂದಿ ಎಲ್ಲಾ ಕೇಳುತ್ತಾರೆ. ಎದುರಿನವರ ಕೈಗೆ ಹೋದರೂ ತೊಂದರೆ ಆಗದಂಥ ಮಾತು ಮಾತ್ರ ಅದರಲ್ಲಿ ಹೇಳುತ್ತೇನೆ. ಗುಟ್ಟಿನದ್ದು ಆಫೀಸಿನಲ್ಲೇ. ಕ್ರಿಮಿನಲ್ ಕೇಸಿನವರಿಗೆ ಬೇರೆ ಲೆಕ್ಕ. ಆರೋಪಿ ಬರಲೇಬೇಕು, ಇಲ್ಲದಿದ್ದರೆ ಹಾಜರಿ ವಿನಾಯಿತಿಗೆ ಅರ್ಜಿ ಹಾಕಬೇಕು. ಅವರಿಗೆ "ಬನ್ನಿ" ಅಂತಲೇ ಹೇಳುತ್ತೇನೆ.

ಒಟ್ಟು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಇದಕ್ಕೆ ಫೀಸು ಇಲ್ಲ. ಆದರೆ ಆಫೀಸಿಗೆ ಬರುವ ಫೋನ್ ಕಡಿಮೆ ಆಗಿದೆ. ಮೂರು ವಾರ ಆಯ್ತು.

ವಾನಳ್ಳಿ ಯಜಮಾನರಿಗೆ ಮೊದಲ ಸಂದೇಶ ಕಳಿಸಿದೆ. "ಇದೇ ಮಂಗಳವಾರದ ವಾಯ್ದೆಗೆ ನೀವು ಬರುವುದು ಬೇಡ, ನಾನು ನೋಡಿಕೊಳ್ಳುತ್ತೇನೆ" ಎಂದು. ಎರಡು ನೀಲಿ ಗೆರೆ ಬಂತು. ಖುಷಿಯಾಯ್ತು. ಮಂಗಳವಾರ ಹತ್ತೂವರೆಗೆ ಕೋರ್ಟಿಗೆ ಹೋದರೆ ಜಗುಲಿಯಲ್ಲಿ ಕೂತಿದ್ದಾರೆ. ಕೈಯಲ್ಲಿ ಅದೇ ಕೊಟ್ಟೆ. ಮೆಸೇಜ್ ಕೇಳಲಿಲ್ವಾ ಎಂದೆ.

"ಕೇಳಿದೆ. ಇಷ್ಟು ವರ್ಷದಲ್ಲಿ ನೀವು ಯಾವತ್ತೂ ಬರುವುದು ಬೇಡ ಅಂದವರಲ್ಲ. ಕೇಸು ಹೋಯ್ತು ಅಂತ ಮಾಡಿದೆ. ರಾತ್ರಿ ನಿದ್ದೆ ಬರಲಿಲ್ಲ, ಬೆಳಿಗ್ಗೆ ಮೊದಲನೇ ಬಸ್ಸಿಗೇ ಬಂದೆ" ಅಂದರು.

ಕೇಸು ಕರೆದರು. ಎದುರಿನವರು ಸಮಯ ಕೇಳಿದರು. ತಾರೀಕು ಬಿತ್ತು. ಸಂಜೆ ಬಸ್ಸಿಗೆ ಹೋದರು.

ಮುಂದಿನ ಸಂದೇಶಕ್ಕೆ ಮೊದಲ ಮಾತು "ಹೆದರಬೇಡಿ" ಎಂದು ಇಡೋಣ ಅಂತಿದ್ದೇನೆ.

ಹಳೇ ಕರಿಕೋಟು, ಕಾರವಾರ

ಹೆದರಬೇಡಿ ಅಂತ ಶುರು ಮಾಡಿದರೆ ಮಧ್ಯರಾತ್ರಿಯೇ ಹೊರಟು ಬರುತ್ತಾರೆ ಮಾರಾಯ್ತಿ. ಅಡಿಕೆ ಕೊನೆ ಕೊಯ್ಲು ಮುಗೀತಾ ಅಂತ ಶುರು ಮಾಡು.